ಸಾವಿರ ಜನ ಸುತ್ತ ನಿಂತಿದ್ದಾರೆ, ಒಬ್ಬನೂ ಹೊಡೆಯುವುದಿಲ್ಲ

ಒಂದು ರಾತ್ರಿ ನನ್ನ ವಿಡಿಯೋ ಗೇಮ್‌ನಲ್ಲಿ ಸಾವಿರನೇ ಸೈನಿಕ ಪರದೆ ಮೇಲೆ ಬಂದ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ, 60ರಿಂದ ಅಲುಗಾಡಲಿಲ್ಲ. ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದು ನೋಡಿದೆ, ಇನ್ನೂ 60. ಆಮೇಲೆ ಕಂಟ್ರೋಲರ್ ತಗೊಂಡು ಆಡಲು ಕೂತೆ. ಮೂರು ನಿಮಿಷಕ್ಕೆ ಆಕಳಿಕೆ ಬಂತು. ನಾಲ್ಕು ತಿಂಗಳು ನಿದ್ದೆಗೆಟ್ಟು ನಾನೇ ಬರೆದ ಆಟ, ಅಲ್ವಾ, ಮೂರೇ ನಿಮಿಷ!

ಇದನ್ನು ಶುರು ಮಾಡಿದ್ದೇ ಹಠಕ್ಕೆ. ಹಳೇ ಚೀನಾದ ಯುದ್ಧಗಳಲ್ಲಿ ಒಬ್ಬನೇ ಸಾವಿರಾರು ಸೈನಿಕರನ್ನು ಕೆಡವುವ ಆಟದ ಸರಣಿ ಡೈನಾಸ್ಟಿ ವಾರಿಯರ್ಸ್‌ನ ಹೊಸ ಭಾಗ ಬಂದಾಗಲೆಲ್ಲ ನಾನು ಒಂದೇ ರಾಗ ಹಾಡುತ್ತಿದ್ದೆ. ಅದೇ ಹುಲ್ಲು ಕೊಯ್ಯುವ ಕೆಲಸ, ಅದೇ ಚೌಕ ಚೌಕ ಚೌಕ ತ್ರಿಕೋನ ಬಟನ್, ಇವರಿಗೆ ಹೊಸದೇನೂ ಹೊಳೆಯುವುದೇ ಇಲ್ವಾ ಅಂತ. ಕೇಳಿ ಕೇಳಿ ಸಾಕಾದ ಗೆಳೆಯನೊಬ್ಬ "ಅಷ್ಟು ಗೊತ್ತಿದ್ದರೆ ನೀನೇ ಮಾಡಿ ತೋರಿಸು ಮಾರಾಯ" ಅಂದ. ಮಾಡುತ್ತಿದ್ದೇನೆ. ಒಬ್ಬ ವೀರ, ಒಂದು ಬಯಲು, ಸಾವಿರ ಸೈನಿಕರು. ಅಷ್ಟೇ.

ಆಟ ಕಟ್ಟುವ ಸಾಫ್ಟ್‌ವೇರ್ ಗೋಡಾಟ್‌ನಲ್ಲಿ ಕ್ಯಾಮೆರಾ, ಲಾಕ್-ಆನ್, ಕಾಂಬೋ ಎಲ್ಲ ಹೇಗೆ ಕೂರಿಸಿದೆ ಅಂತ ಹೇಳಿ ಬೋರ್ ಹೊಡೆಸುವುದಿಲ್ಲ, ನೀವೂ ಮಾಡಿರುತ್ತೀರಿ. ಆದರೆ ಸೈನಿಕನ ಮಾಡೆಲ್ ಬಗ್ಗೆ ಎರಡು ಮಾತು ಹೇಳದಿದ್ದರೆ ಹೊಟ್ಟೆ ಉರಿ ಇಳಿಯುವುದಿಲ್ಲ. ಆಟದ ಸಾಮಾನು ಮಾರುವ ಒಂದು ಅಸೆಟ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಂಡೆ. "ಆಟಕ್ಕೆ ಸಿದ್ಧ" ಅಂತ ದೊಡ್ಡದಾಗಿ ಬರೆದಿತ್ತು. ತೆರೆದು ನೋಡಿದರೆ ಮೈ ಅಲುಗಾಡಿಸಲು 67 ಬೋನ್‌ಗಳು, ಅಂದರೆ ಮೂಳೆಗಳು. ಹತ್ತು ಬೆರಳಿಗೂ ಬೇರೆ ಬೇರೆ, ಕಣ್ಣುಗುಡ್ಡೆಗೂ ಒಂದೊಂದು. ಒಂದೇ ಏಟಿಗೆ ಸಾಯುವ ಸೈನಿಕನಿಗೆ ಕಣ್ಣು ಹೊರಳಿಸಿ ನೋಡಲು ಪುರುಸೊತ್ತು ಎಲ್ಲಿದೆ? ಮೂಗಿಗಿಂತ ಮೂಗುತಿ ಭಾರ. ಮೇಲೆ ಅವನ ಅಳತೆ ನೂರು ಪಟ್ಟು ದೊಡ್ಡದಿತ್ತು, ಮೊದಲ ಸಲ ದೃಶ್ಯದಲ್ಲಿ ಇಟ್ಟಾಗ ಪರದೆ ತುಂಬ ಬರೀ ಬೂಟು. ಮಾರಿದವರಿಗೆ ಬರೆದೆ. "ನಮ್ಮಲ್ಲಿ ಸರಿಯಾಗಿದೆ" ಅಂತ ಉತ್ತರ ಬಂತು. ಸರಿ ಬಿಡಿ.

ಸಾವಿರ ಅಸ್ಥಿಪಂಜರಗಳನ್ನು ಓಡಿಸಿದರೆ ಸಿಪಿಯು ಸತ್ತೇ ಹೋಗುತ್ತದೆ. ಅದಕ್ಕೇ ಒಂದೇ ಮಾಡೆಲ್ ಅನ್ನು ಸಾವಿರ ಸಲ ಒಟ್ಟಿಗೆ ಬಿಡಿಸುವ ಮಲ್ಟಿಮೆಶ್, ಅದರ ಮೇಲೆ ವರ್ಟೆಕ್ಸ್ ಆನಿಮೇಷನ್ ಟೆಕ್ಸ್ಚರ್. ಓಟ, ಏಟು, ಬೀಳುವುದು, ಎಲ್ಲದರಲ್ಲೂ ಪ್ರತಿ ಫ್ರೇಮಿಗೆ ಮಾಡೆಲ್‌ನ ಪ್ರತಿ ಬಿಂದು (ವರ್ಟೆಕ್ಸ್) ಎಲ್ಲಿರುತ್ತದೆ ಅಂತ ಒಂದು ಟೆಕ್ಸ್ಚರ್‌ನಲ್ಲಿ, ಅಂದರೆ ಚಿತ್ರದ ಫೈಲಿನಲ್ಲಿ, ಬರೆದಿಟ್ಟು ಶೇಡರ್‌ನಲ್ಲಿ (ಗ್ರಾಫಿಕ್ಸ್ ಚಿಪ್ ಮೇಲೆ ಓಡುವ ಪುಟ್ಟ ಪ್ರೋಗ್ರಾಮ್) ಓದುವುದು. ಮೊದಲ ದಿನ ಇಡೀ ಸೇನೆ ಬಿಸಿಲಿಗೆ ಇಟ್ಟ ಮೇಣದ ಹಾಗೆ ಕರಗುತ್ತಿತ್ತು. ಶೇಡರ್ ಅನ್ನು ಎರಡು ದಿನ ಬೈದೆ. ತಪ್ಪು ಅದರದ್ದಲ್ಲ. ಇಂಪೋರ್ಟ್ ಆಗುವಾಗ ಗೋಡಾಟ್ ಆ ಲೆಕ್ಕದ ಪಟ್ಟಿಯನ್ನು ಮಾಮೂಲಿ ಚಿತ್ರ ಅಂದುಕೊಂಡು ಕಂಪ್ರೆಸ್ ಮಾಡಿಬಿಟ್ಟಿತ್ತು. ಒಂದು ಸೆಟ್ಟಿಂಗ್ ಬದಲಿಸಿದೆ, ಸೇನೆ ನೆಟ್ಟಗೆ ನಿಂತಿತು.

ನೆಟ್ಟಗೆ ನಿಂತಿದ್ದೇ ಮುಂದಿನ ತಲೆನೋವು. ಸಾವಿರ ಜನ ವೀರನ ಸುತ್ತ ಈಟಿ ಹಿಡಿದು ನಿಂತಿದ್ದಾರೆ, ಒಬ್ಬನೂ ಹೊಡೆಯುವುದಿಲ್ಲ. ಬೆದರುಬೊಂಬೆಗಳು. ಪ್ಲೇಸ್ಟೇಷನ್ 2 ಕಾಲದಲ್ಲಿ ಇದಕ್ಕೆ ಕ್ಷಮೆ ಇತ್ತು. 2000ದಲ್ಲಿ ಡೈನಾಸ್ಟಿ ವಾರಿಯರ್ಸ್ 2 ಬಂದಾಗ ಆ ಯಂತ್ರದ ಮುಖ್ಯ ಮೆಮೊರಿ ಬರೀ 32 ಎಂಬಿ. ದೂರದ ಸೈನಿಕರು ಮಂಜಿನಿಂದ ಹಾಗೇ ಮೂಡಿ ಬರುತ್ತಿದ್ದರು, ಅಷ್ಟಕ್ಕೇ ನಾವು ಬಾಯಿ ಬಿಟ್ಟು ನೋಡುತ್ತಿದ್ದೆವು. ಈಗ ಏನು ನೆಪ ಹೇಳಲಿ?

ಸರಿ, ಎಲ್ಲರಿಗೂ ಬುದ್ಧಿ ಕೊಡೋಣ ಅಂದುಕೊಂಡೆ. ಹತ್ತಿರ ಬಾ, ಸಂದು ನೋಡು, ಚುಚ್ಚು. ವೀರ ಎದ್ದು ನಿಲ್ಲಲೇ ಇಲ್ಲ. ಮುಂದಿನವನ ಏಟು ತಪ್ಪಿಸಿದರೆ ಹಿಂದಿನವನ ಈಟಿ, ಅದರಿಂದ ಬಿದ್ದರೆ ಪಕ್ಕದವನದ್ದು. ನಲವತ್ತು ಸೆಕೆಂಡಿಗೆ ಆಟ ಮುಗಿಯಿತು. ಆಮೇಲೆ ಟೋಕನ್ ಪದ್ಧತಿ ತಂದೆ, ಒಂದು ಹೊತ್ತಿಗೆ ನಾಲ್ಕೇ ಜನಕ್ಕೆ ಹೊಡೆಯುವ ಅನುಮತಿ. ಬೇರೆ ಹೊಡೆದಾಟದ ಆಟಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅಲ್ಲಿ ಎದುರಾಳಿಗಳು ಎಂಟೋ ಹತ್ತೋ ಇರುತ್ತಾರೆ. ಇಲ್ಲಿ ನಾಲ್ಕು ಜನ ಹೊಡೆಯುವಾಗ 996 ಜನ ಸರದಿ ಸಾಲಿನಲ್ಲಿ ನಿಂತ ಹಾಗಾಯಿತು. ಚೀಟಿ ಒಂದು ಕೊಟ್ಟಿದ್ದರೆ ಪೂರ್ತಿಯಾಗುತ್ತಿತ್ತು.

ಬುದ್ಧಿ ಬೇಡ, ಏಟಿಗೆ ತೂಕ ಬರಲಿ ಅಂತ ಹಿಟ್‌ಸ್ಟಾಪ್ ಸೇರಿಸಿದೆ. ಕತ್ತಿ ತಾಗಿದಾಗ 5 ಫ್ರೇಮ್ ಎಲ್ಲ ಸ್ತಬ್ಧ. ಒಬ್ಬನಿಗೆ ಹೊಡೆದಾಗ ಆಹಾ ಅನ್ನಿಸಿತು. ಗುಂಪಿನ ಮಧ್ಯೆ ಒಂದು ಸುತ್ತು ಕತ್ತಿ ಬೀಸಿದೆ, ಆಟ ನಿಂತೇ ಹೋಯಿತು. ಕ್ರಾಶ್ ಅಂದುಕೊಂಡು ಕಿಟಕಿ ಮುಚ್ಚಲು ಮೌಸ್ ಹಿಡಿಯುವಷ್ಟರಲ್ಲಿ ಮತ್ತೆ ಓಡಿತು. ಒಂದೇ ಬೀಸಿಗೆ 40 ಜನ ಸಿಕ್ಕಿದ್ದರು. ಒಬ್ಬೊಬ್ಬನಿಗೂ 5 ಫ್ರೇಮ್ ಕೂಡುತ್ತಾ ಹೋಗಿ 200 ಆಗಿತ್ತು. ಅಂದರೆ ಮೂರು ಸೆಕೆಂಡಿಗಿಂತ ಜಾಸ್ತಿ ಇಡೀ ರಣರಂಗ ಫೋಟೋಗೆ ನಿಂತಿತ್ತು. ಕೂಡುವುದನ್ನು ತೆಗೆದು ಒಂದು ಬೀಸಿಗೆ ಒಂದೇ ಸಲ ನಿಲ್ಲುವ ಹಾಗೆ ಮಾಡಿದೆ. ಆಗ ಒಬ್ಬನಿಗೆ ಹೊಡೆದರೂ ಅಷ್ಟೇ ತೂಕ, ನಲವತ್ತು ಜನಕ್ಕೆ ಹೊಡೆದರೂ ಅಷ್ಟೇ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಇಷ್ಟಾದ ಮೇಲೆ ಸರಣಿಯ ಹಳೆಯ ಭಾಗಗಳನ್ನು ಮತ್ತೆ ಹಾಕಿ ನೋಡಿದೆ, ಈ ಸಲ ಬೈಯಲು ಅಲ್ಲ. ಅದನ್ನು ಮಾಡುವ ಒಮೆಗಾ ಫೋರ್ಸ್‌ನವರು ಸುಮ್ನೆ ಕೂತಿರಲಿಲ್ಲ. 2007ರಲ್ಲಿ ಬಂದ ಆರನೇ ಭಾಗದಲ್ಲಿ ಚೌಕ-ತ್ರಿಕೋನದ ಲೆಕ್ಕವನ್ನೇ ತೆಗೆದು ರೆನ್ಬು ಅನ್ನುವ ಹೊಸ ಪದ್ಧತಿ ತಂದರು. ಜನ ಗಲಾಟೆ ಮಾಡಿದರು, 2011ರ ಏಳನೇ ಭಾಗದಲ್ಲಿ ಹಳೆಯ ಪದ್ಧತಿಯೇ ವಾಪಸ್ ಬಂತು, ಜೊತೆಗೆ ಎರಡು ಆಯುಧ ಬದಲಿಸುವ ಸೌಕರ್ಯ. 2018ರ ಒಂಬತ್ತನೇ ಭಾಗದಲ್ಲಿ ಚೀನಾವನ್ನೇ ಎಲ್ಲಿ ಬೇಕಾದರೂ ಅಲೆಯಬಹುದಾದ ಓಪನ್ ವರ್ಲ್ಡ್ ಮಾಡಿದರು, 80ಕ್ಕೂ ಹೆಚ್ಚು ಸೇನಾನಿಗಳು. ಸವಾರಿ ಮಾಡಿ ಮಾಡಿ ಕುದುರೆಗೇ ಬೇಜಾರಾಗಬೇಕು, ಅಷ್ಟು ಖಾಲಿ ಬಯಲು. ನನ್ನ ನಕ್ಷೆಯನ್ನೂ ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ, ಗೊತ್ತಾಯಿತು. ಸಾವಿರ ಜನ ಅಲ್ಲಿ ಇಲ್ಲಿ ಚೆಲ್ಲಿಹೋದರೆ ಅದು ಸೇನೆಯೇ ಅಲ್ಲ, ವಾಕಿಂಗ್‌ಗೆ ಬಂದವರು.

ಅಂದರೆ ಬಟನ್ ಬದಲಿಸಿದರು, ನೆಲ ಬದಲಿಸಿದರು, ತಲೆಗಳ ಸಂಖ್ಯೆ ಬದಲಿಸಿದರು. ನಾನೂ ಅದನ್ನೇ ಮಾಡಿದೆ, ಅದೂ ನಾಲ್ಕೇ ತಿಂಗಳಲ್ಲಿ. ಹಿಂದೆ ಬೈದಿದ್ದಕ್ಕೆ ಸ್ವಲ್ಪ ನಾಚಿಕೆ ಆಯಿತು. ಪೂರ್ತಿ ಅಲ್ಲ.

ಆಮೇಲೆ ಅದೇ ಸರಣಿಯ ಹೂಲಾವ್ ದ್ವಾರದ ಯುದ್ಧದ ಹಂತ ಆಡಿದೆ. ಎಲ್ಲರೂ ಹೆದರುವ ಯೋಧ ಲೂ ಬೂ ಬರುತ್ತಾನೆ. ಅವನ ಬೆನ್ನು ಹತ್ತಬೇಡಿ ಅಂತ ಎಚ್ಚರಿಕೆ ಬರುತ್ತದೆ. ಎಷ್ಟನೇ ಸಲ ಆಡಿದರೂ ಅಲ್ಲಿ ಹೆಬ್ಬೆರಳು ಬಿಗಿಯಾಗುತ್ತದೆ. ಅವನು ಎಷ್ಟು ಜೋರಾಗಿ ಹೊಡೆಯುತ್ತಾನೆ ಅನ್ನುವುದಕ್ಕಿಂತ ಜಾಸ್ತಿ ಕೆಲಸ ಮಾಡುವುದು ನಮ್ಮ ಕಡೆಯವರು ಅವನಿಗೆ ಹೆದರುತ್ತಾರೆ ಅನ್ನುವುದು. ಹಾಗಾದರೆ ನಾನು 500 ಜನರನ್ನು ಕೆಡವಿದ ಮೇಲೂ 501ನೆಯವನು ಯಾಕೆ ಮೊದಲನೆಯವನ ಹಾಗೇ ನಿಂತಿರುತ್ತಾನೆ? ಅವನಿಗೆ ಹೆದರಿಕೆ ಇಲ್ವಾ?

ಅಲ್ಲಿಗೆ ಸೈನಿಕರ ತಲೆಯಿಂದ ಬುದ್ಧಿ ಪೂರ್ತಿ ಕಿತ್ತೆ. ಸಾವಿರ ಜನರನ್ನು 25ರಂತೆ 40 ತುಕಡಿ ಮಾಡಿದೆ. ತಲೆ ಇರುವುದು ತುಕಡಿಗೆ, ಸೈನಿಕನಿಗೆ ಅಲ್ಲ. ಪ್ರತಿ ತುಕಡಿಗೆ 0ರಿಂದ 100ರವರೆಗೆ ಧೈರ್ಯದ ಅಂಕ, ಒಬ್ಬ ಬಾವುಟದವನು. ಪಕ್ಕದವನು ಸತ್ತರೆ ಅಂಕ ಸ್ವಲ್ಪ ಇಳಿಯುತ್ತದೆ, ಬಾವುಟದವನು ಬಿದ್ದರೆ ದಬಕ್ಕನೆ ಇಳಿಯುತ್ತದೆ. 30ಕ್ಕಿಂತ ಕೆಳಗೆ ಹೋದರೆ ಓಟ. ಸಾವಿರ ಜನರಲ್ಲಿ ಯಾರಿಗೆ ಯಾರು ಹತ್ತಿರ ಅಂತ ಜೋಡಿ ಜೋಡಿಯಾಗಿ ನೋಡಲು ಹೋದರೆ 4,99,500 ಲೆಕ್ಕ, ಪ್ರತಿ ಫ್ರೇಮಿಗೂ. 40 ತುಕಡಿಗಾದರೆ 780. ತುಕಡಿಯೊಳಗೆ ಒಬ್ಬರಿಗೊಬ್ಬರು ತಾಗದಂತೆ ನೋಡಿಕೊಳ್ಳಲು ಬಯಲನ್ನು ಚೌಕಗಳಾಗಿ ಹಂಚಿದ ಗ್ರಿಡ್ ಇದ್ದೇ ಇದೆ.

ಧೈರ್ಯದ ಲೆಕ್ಕ ನಾನು ಕಂಡುಹಿಡಿದದ್ದೇನಲ್ಲ. ಸರಣಿಯ ಹಳೆಯ ಭಾಗಗಳಲ್ಲೂ ಇತ್ತು, 2025ರ ಜನವರಿಯಲ್ಲಿ ಬಂದ ಒರಿಜಿನ್ಸ್ ಅನ್ನುವ ಭಾಗದಲ್ಲಿ ದೊಡ್ಡ ಪಡೆಗಳ ರೂಪದಲ್ಲಿ ಮುಂದಕ್ಕೇ ಬಂತು. ಅದರಲ್ಲಿ ಪಾತ್ರಗಳ ಪಟ್ಟಿಯನ್ನೂ ಕತ್ತರಿಸಿ ಒಬ್ಬ ಹೆಸರಿಲ್ಲದ ನಾಯಕನನ್ನು ಇಟ್ಟರು, ಕಥೆಯನ್ನು ಪೂರ್ತಿ ಹೇಳದೆ ನಡುವಿನ ಚಿಬಿ ಕದನಕ್ಕೇ ನಿಲ್ಲಿಸಿದರು. ಸೇರಿಸುವುದು ಬಿಟ್ಟು ಕಡಿಮೆ ಮಾಡಿದ್ದಕ್ಕೇ ಅದು ಚೆನ್ನಾಗಿದೆ ಅಂತ ನನ್ನ ಲೆಕ್ಕ. ಜಗಳ ಮಾಡುವವರು ಮಾಡಿ.

ನನ್ನ ಕಡೆ ನಿಜವಾದ ಮಜಾ ಬಂದದ್ದು ಒಂದು ತಪ್ಪಿನಿಂದ. ಓಡುವ ತುಕಡಿ ದಾರಿಯಲ್ಲಿ ಸಿಕ್ಕ ತುಕಡಿಯನ್ನು ತಳ್ಳಿಕೊಂಡು ಹೋಗಬಾರದು ಅಂತ ಬರೆಯುವಾಗ ಪ್ಲಸ್-ಮೈನಸ್ ಚಿಹ್ನೆ ಉಲ್ಟಾ ಹಾಕಿ, ಅವರ ಭಯ ಇವರಿಗೂ ಅಂಟುವ ಹಾಗೆ ಮಾಡಿಬಿಟ್ಟೆ. ಎಡಗಡೆಯ ಬಾವುಟ ಬೀಳಿಸಿದೆ. ಮುಂದಿನ ಸಾಲು ತಿರುಗಿತು. ಹಿಂದಿನವರು ಒಂದು ಕ್ಷಣ ಹಾಗೇ ನಿಂತರು, ಈಟಿಗಳು ಇನ್ನೂ ನನ್ನ ಕಡೆಗೇ ಇದ್ದವು, ಆಮೇಲೆ ಅವೂ ಒಂದೊಂದಾಗಿ ಮೇಲಕ್ಕೆದ್ದು ಆ ಕಡೆ ವಾಲಿದವು. ಅದರ ಹಿಂದಿನ ತುಕಡಿ. ಅದರ ಹಿಂದಿನದು. ನಾನು ಬಟನ್ ಒತ್ತುವುದನ್ನೇ ಮರೆತು ನೋಡುತ್ತಾ ಕೂತಿದ್ದೆ. ಆ ತಪ್ಪನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಅದನ್ನು ನೋಡುವಾಗಲೇ ಇನ್ನೊಂದು ಹುಚ್ಚು ಹತ್ತಿದೆ. ಕತ್ತಿ ಕಿತ್ತುಹಾಕಿ, ವೀರನ ಜಾಗಕ್ಕೆ ನಾಯಿ, ಸೈನಿಕರ ಜಾಗಕ್ಕೆ ಕುರಿ. ಕುರಿ ಕಾಯುವ ನಾಯಿಯ ಆಟ! 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಬೋಯ್ಡ್ಸ್‌ಗೆ, ಅಂದರೆ ಕಂಪ್ಯೂಟರ್‌ನಲ್ಲಿ ಹಕ್ಕಿಗಳ ಗುಂಪಿನ ಹಾಗೆ ಚಲಿಸುವ ಬೊಂಬೆಗಳಿಗೆ, ಹಾಕಿಕೊಟ್ಟ ಮೂರು ನಿಯಮ ಸಾಕು. ತಾಗಬೇಡ, ಪಕ್ಕದವರು ಹೋಗುವ ಕಡೆಗೇ ಹೋಗು, ಗುಂಪು ಬಿಡಬೇಡ. ಬೊಗಳುವುದಕ್ಕೆ ಒಂದು ಬಟನ್, ಮಲಗಿ ದಿಟ್ಟಿಸುವುದಕ್ಕೆ ಇನ್ನೊಂದು. ಕುರಿ ಮಾಡೆಲ್‌ಗೆ ಬೆರಳೂ ಇರುವುದಿಲ್ಲ. ಇದನ್ನು ಮುಗಿಸಿ ಅದಕ್ಕೆ ಕೈ ಹಾಕುತ್ತೇನೆ ಅಂತ ಹೇಳಿದ್ದೇನೆ, ಆದರೆ ಫೋಲ್ಡರ್ ಆಗಲೇ ಮಾಡಿಬಿಟ್ಟಿದ್ದೇನೆ. ಹೆಸರು ಕೂಡ ಇಟ್ಟಾಗಿದೆ.

ಸದ್ಯ ಬಾಕಿ ಇರುವುದು ಬಾವುಟದವನ ವಿಷಯ. ಗುಂಪಿನಲ್ಲಿ ಅವನು ಕಾಣುವುದೇ ಇಲ್ಲ. ಬಾವುಟ ಎತ್ತರ ಮಾಡಿದರೆ ಕಂಬ ಕ್ಯಾಮೆರಾಗೆ ಅಡ್ಡ ಬರುತ್ತದೆ. ನೆಲದ ಮೇಲೆ ಹೊಳೆಯುವ ವೃತ್ತ ಹಾಕಲು ಮನಸ್ಸಿಲ್ಲ. ಯಾರಾದರೂ ಇದನ್ನು ಬಗೆಹರಿಸಿದ್ದರೆ ಹೇಳಿ.

ಇನ್ನೊಂದು ಸಣ್ಣ ವಿಷಯ. ಓಡಿದವರು ಎಲ್ಲಿ ನಿಲ್ಲಬೇಕು ಅಂತ ನಾನು ಬರೆದಿರಲಿಲ್ಲ. ನಿನ್ನೆ ಒಬ್ಬನೇ ಒಬ್ಬ ಬಾವುಟದವನನ್ನು ಕೆಡವಿ ಚಹಾ ತರಲು ಎದ್ದು ಹೋದೆ. ಬಂದು ನೋಡಿದರೆ ಬಯಲು ಖಾಲಿ. ಇಡೀ ಸೇನೆ ನಕ್ಷೆಯ ಅಂಚಿನವರೆಗೆ ಓಡಿ ಸಾಲಾಗಿ ಕೆಳಗೆ ಬಿದ್ದಿತ್ತು. ಮೂಲೆಯಲ್ಲಿ ಕೆಓ, ಅಂದರೆ ಕೆಡವಿದವರ, ಎಣಿಕೆ ಸರಿಯಾಗಿ 1000 ತೋರಿಸುತ್ತಿತ್ತು.