ಕೊಪ್ಪ ದಾಟಿ ಕುಪ್ಪಳಿಯ ಕವಿಮನೆಗೆ

ಚಿಕ್ಕಮಗಳೂರಿನಿಂದ ಕವಿ ಕುವೆಂಪು ಬೆಳೆದ ಹಳೇ ಮನೆ ಉಳಿಸಿಟ್ಟಿರುವ ಕುಪ್ಪಳಿಗೆ ಹೋಗೋದಾದರೆ ಆಲ್ದೂರು, ಬಾಳೆಹೊನ್ನೂರು, ಜಯಪುರ, ಕೊಪ್ಪ ದಾರಿಯಲ್ಲೇ ಹೋಗಿ. ತಿರುವು ಜಾಸ್ತಿ, ಆದರೆ ಮಲೆನಾಡು ಕಣ್ಣೆದುರೇ ಬದಲಾಗುತ್ತಾ ಹೋಗುತ್ತದೆ. ನಾವು ಹೋಗಿದ್ದು ಜನವರಿಯಲ್ಲಿ, ಕಾಫಿ ಕುಯ್ಲಿನ ಹೊತ್ತು. ಆಲ್ದೂರಿನ ಕಡೆ ಕಣದ ತುಂಬ ಹಣ್ಣು ಹರಡಿದ್ದರು. ಬಾಳೆಹೊನ್ನೂರಿನಲ್ಲಿ ಭದ್ರಾ ನದಿ ದಾಟಿ ಮುಂದೆ ಹೋದ ಹಾಗೆ ಅಡಿಕೆ ತೋಟಗಳು ಹೆಚ್ಚಾದವು.

ಜೊತೆಗಿದ್ದವರು ದೊಡ್ಡಮ್ಮ. ಅವರು ಹುಟ್ಟಿ ಬೆಳೆದದ್ದು ಜಯಪುರದ ಹತ್ತಿರದ ಒಂದು ತೊಟ್ಟಿಮನೆಯಲ್ಲಿ, ಅಂದರೆ ನಡುವೆ ಅಂಗಳ ಬಿಟ್ಟು ಸುತ್ತ ಕಟ್ಟಿದ ಮನೆಯಲ್ಲಿ. ಆ ಮನೆ ಈಗಿಲ್ಲ. ಪಾಲಾದ ಮೇಲೆ ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ಮನೆ ಕಟ್ಟಿಕೊಂಡರು, ಹಳೇ ಮನೆಗೆ ಬೀಗ ಬಿತ್ತು, ಮಳೆಗಾಲದಲ್ಲಿ ಸೋರಲು ಶುರುವಾಯಿತು, ಕೊನೆಗೆ ಕಂಬ, ಬಾಗಿಲು, ಮುಚ್ಚಿಗೆಯ ಹಲಗೆ ಎಲ್ಲ ಬಿಚ್ಚಿ ಯಾವುದೋ ರೆಸಾರ್ಟಿಗೆ ಲಾರಿಯಲ್ಲಿ ಹೇರಿ ಕಳಿಸಿದರು. ಹೀಗೆ ಬಿಚ್ಚಿಹೋದ ಮನೆಗಳು ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಒಂದೆರಡಲ್ಲ. ಅದಕ್ಕೇ ದೊಡ್ಡಮ್ಮನಿಗೆ ಕುಪ್ಪಳಿ ತೋರಿಸಬೇಕು ಅಂತ ತುಂಬ ದಿನದಿಂದ ಮನಸ್ಸಿತ್ತು.

ಕುವೆಂಪು ಹುಟ್ಟಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಅವರ ತಾಯಿ ಸೀತಮ್ಮನವರ ತವರು. ಹೆರಿಗೆಗೆ ತವರಿಗೆ ಬರೋದು ನಮ್ಮಲ್ಲಿ ವಾಡಿಕೆ ಅಲ್ವಾ, ಹಾಗಾಗಿ 1904ರ ಡಿಸೆಂಬರ್ 29ರಂದು ಮಗು ಹುಟ್ಟಿದ್ದು ಅಲ್ಲಿ. ಬೆಳೆದದ್ದು ತಂದೆ ವೆಂಕಟಪ್ಪ ಗೌಡರ ಕುಪ್ಪಳಿ ಮನೆಯಲ್ಲಿ. ಕೊಪ್ಪದಿಂದ ತೀರ್ಥಹಳ್ಳಿ ರಸ್ತೆ ಹಿಡಿದು, ಶಿವಮೊಗ್ಗ ಜಿಲ್ಲೆಗೆ ಕಾಲಿಟ್ಟು, ಗಡಿಕಲ್ಲಿನ ಹತ್ತಿರ ಒಳದಾರಿಗೆ ತಿರುಗಿದರೆ ಕುಪ್ಪಳಿ.

ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ದೊಡ್ಡ ಮನೆ. ಹಂಚಿನ ಮಾಡು, ಒಳಗೆ ಅಂಗಳ, ಸುತ್ತಲೂ ಜಗಲಿ, ಮೇಲೆ ಉಪ್ಪರಿಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ದೊಡ್ಡಮ್ಮ ಮಾತು ನಿಲ್ಲಿಸಿದರು. ಆಮೇಲೆ ಒಂದು ಕಂಬ ಮುಟ್ಟಿ, "ನೋಡೋ, ನಮ್ಮನೆ ಜಗಲಿ ಕಂಬ ಹಿಂಗೇ ಇತ್ತು. ಎರಡು ಕೈಲಿ ತಬ್ಬಿದರೆ ನನಗೆ ಸಿಗ್ತಿರಲಿಲ್ಲ" ಅಂದರು. ಅಲ್ಲಿಂದ ಮುಂದೆ ನನಗೆ ಅವರೇ ಗೈಡ್. ಬಾಣಂತಿ ಕೋಣೆ ಯಾಕೆ ಅಷ್ಟು ಕತ್ತಲೆ, ಭತ್ತ ಎಲ್ಲಿ ತುಂಬಿಡುತ್ತಿದ್ದರು, ಬಂದ ನೆಂಟರು ಎಲ್ಲಿ ಮಲಗುತ್ತಿದ್ದರು, ಎಲ್ಲ ಹೇಳುತ್ತಾ ಹೋದರು. ಮನೆಯಲ್ಲಿ ಬಳಸುತ್ತಿದ್ದ ಪಾತ್ರೆ ಪಡಗ, ಬೇಸಾಯದ ಸಾಮಾನು ಎಲ್ಲ ಜೋಡಿಸಿಟ್ಟಿದ್ದಾರೆ. ಕುವೆಂಪು ಮತ್ತು ಹೇಮಾವತಿಯವರ ಮದುವೆಯ ಮಂಟಪವೂ ಇಲ್ಲಿದೆ. ಮದುವೆ ಆಗಿದ್ದು 1937ರಲ್ಲಿ.

ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲನ್ನು ನಾನು ಸುಮಾರು ಹೊತ್ತು ನೋಡುತ್ತಾ ನಿಂತೆ. ಹಲಗೆಯ ನಡುಭಾಗ ಸವೆದು ಸ್ವಲ್ಪ ತಗ್ಗಾಗಿದೆ, ಅಂಚು ಮಾತ್ರ ಹಾಗೇ ಉಳಿದಿದೆ. ಎಷ್ಟು ಜನ ಹತ್ತಿ ಇಳಿದಿರಬೇಕು! ಮೇಲೆ ಪುಸ್ತಕ, ಫೋಟೊ, ಪ್ರಶಸ್ತಿಗಳು. 2015ರ ನವೆಂಬರಿನಲ್ಲಿ ಇಲ್ಲಿಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕ ಕದ್ದಿದ್ದು ನೆನಪಾಗಿ ಬೇಜಾರಾಯಿತು.

ಇದನ್ನೆಲ್ಲ ನೋಡಿಕೊಳ್ಳುತ್ತಿರುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ. ಶುರುವಾಗಿದ್ದು 1992ರಲ್ಲಿ, ಕುವೆಂಪು ಇನ್ನೂ ಇದ್ದಾಗಲೇ. ಸರ್ಕಾರದ ದುಡ್ಡೂ ಇದಕ್ಕೆ ಬರುತ್ತದೆ. ಆದರೆ ದುಡ್ಡೊಂದರಿಂದ ಮಲೆನಾಡಿನ ಮನೆ ಉಳಿಯೋದಿಲ್ಲ, ಇದನ್ನು ದೊಡ್ಡಮ್ಮ ಅಡುಗೆಮನೆಯಲ್ಲಿ ನಿಂತು ಬಹಳ ಚೆನ್ನಾಗಿ ಹೇಳಿದರು. ಹಿಂದೆ ಒಲೆಯ ಹೊಗೆ ದಿನಾ ಮಾಡಿಗೆ ಏರುತ್ತಿತ್ತು. ಮರಕ್ಕೆ ಮಸಿ ಹಿಡಿಯುತ್ತಿತ್ತು, ಹಂಗಾಗಿ ಮರ ಕೊರೆಯುವ ಕುಟ್ಟೆ ಹುಳ ಅಷ್ಟು ಬೇಗ ಹತ್ತುತ್ತಿರಲಿಲ್ಲ. ಒಲೆ ಆರಿದ ಮನೆಗೆ ಆ ರಕ್ಷಣೆ ಇಲ್ಲ. "ಪ್ರತಿ ವರ್ಷ ಮಳೆ ಹಿಡಿಯೋಕೆ ಮುಂಚೆ ಹಂಚು ಕೈಯಾಡಿಸಬೇಕು. ಒಂದು ಹಂಚು ಜಾರಿದ್ರೂ ಸಾಕು, ನೀರು ಇಳಿದು ರೀಪು ಕೊಳೀತದೆ, ಆಮೇಲೆ ಪಕಾಸಿ, ಆಮೇಲೆ ಗೋಡೆ. ನಮ್ಮನೆ ಹೋಗಿದ್ದು ಹಂಗೇ ಕಣೋ" ಅಂದರು. ರೀಪು ಅಂದರೆ ಹಂಚು ಕೂರುವ ಮರದ ಪಟ್ಟಿ, ಪಕಾಸಿ ಅಂದರೆ ಅದನ್ನು ಹೊರುವ ಮರ. ಒರಲೆ (ಗೆದ್ದಲು), ತೇವ, ಪಾಚಿ ಬೇರೆ. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಹೊಡೆಯುವ ಜಾಗದಲ್ಲಿ ಮಣ್ಣು, ಮರ, ಹಂಚಿನ ಮನೆಯೊಂದನ್ನು ಒಣಗಿಸಿ ಇಟ್ಟುಕೊಂಡಿದ್ದಾರಲ್ಲ, ನನ್ನ ಮಟ್ಟಿಗೆ ಪ್ರತಿಷ್ಠಾನದ ಎಲ್ಲ ಕೆಲಸಕ್ಕಿಂತ ದೊಡ್ಡ ಕೆಲಸ ಅದೇ.

ಮನೆಯ ಹಿಂದಿನಿಂದ ಕಾಡಿನ ದಾರಿಯಲ್ಲಿ ಹತ್ತಿದರೆ ಕವಿಶೈಲ ಅನ್ನುವ ಬಂಡೆಯ ಗುಡ್ಡ. ದೊಡ್ಡಮ್ಮನಿಗೆ ಮಂಡಿ ನೋವು, ಅವರು ವಾಹನ ಹೋಗುವ ದಾರಿಯಲ್ಲಿ ಬಂದರು. ಬಂಡೆಯ ಮೇಲೆ ಬೃಹತ್ ಕಲ್ಲುಗಳನ್ನು ನಿಲ್ಲಿಸಿ ಮಾಡಿದ ವಿನ್ಯಾಸ ಇದೆ. ಅದು ಹಾಸನದ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದ್ದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿ ಇರುವುದೂ ಇಲ್ಲೇ. ಕುವೆಂಪು ಅವರ ಗುರುಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಸ್ವತಃ ಕುವೆಂಪು ಅವರ ಹೆಸರುಗಳನ್ನು ಬಂಡೆಯಲ್ಲೇ ಕೆತ್ತಿದ್ದಾರೆ, ತಪ್ಪದೆ ಹುಡುಕಿ ನೋಡಿ. ಕಣ್ಣು ಹಾಯಿಸಿದಷ್ಟು ದೂರ ಸಹ್ಯಾದ್ರಿಯ ಕಾಡು. ಮನೆ ಉಳಿಸಿ ಈ ಕಾಡು ಬಿಟ್ಟಿದ್ದರೆ ಅರ್ಧವೇ ಉಳಿಸಿದ ಹಾಗಾಗುತ್ತಿತ್ತು.

ಕುಪ್ಪಳಿಯಲ್ಲಿ ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದ ಮದುವೆಗಳೂ ನಡೆಯುತ್ತವೆ. ವರದಕ್ಷಿಣೆ, ಜಾತಕ, ಆಡಂಬರ ಯಾವುದೂ ಇಲ್ಲದ ಸರಳ ಮದುವೆ. ನನಗೆ ಇದು ಬಹಳ ಇಷ್ಟವಾಯಿತು, ಹಳೇ ಮನೆಯ ಪಕ್ಕದಲ್ಲೇ ಹೊಸ ಸಂಸಾರಗಳು ಶುರುವಾಗುತ್ತವಲ್ಲ.

ವಾಪಸ್ ಬರುವಾಗ ಕೊಪ್ಪದಲ್ಲಿ ಕಾಫಿ ಕುಡಿಯುತ್ತಾ ಇದೇ ಮಾತು. ದೊಡ್ಡ ಕವಿ ಬೆಳೆಯದ ಮನೆಗಳನ್ನು ಯಾರು ಉಳಿಸುತ್ತಾರೆ? ನಮ್ಮ ಜಿಲ್ಲೆಯಲ್ಲಿ ಇನ್ನೂ ನಿಂತಿರುವ ತೊಟ್ಟಿಮನೆಗಳಿವೆ, ಹಳೆಯ ಎಸ್ಟೇಟ್ ಬಂಗಲೆಗಳಿವೆ. ಎಲ್ಲವನ್ನೂ ಉಳಿಸೋಕೆ ಆಗಲ್ಲ, ಗೊತ್ತು. ಹೋಬಳಿಗೆ ಒಂದನ್ನಾದರೂ ಮನೆಯವರು, ಊರಿನವರು ಸೇರಿ ಟ್ರಸ್ಟ್ ಮಾಡಿ ಇಟ್ಟುಕೊಳ್ಳಬಹುದಲ್ಲ. ಅದೂ ಬೇಡ ಅನ್ನುವವರು ಕಂಬ ಮಾರುವ ಮುಂಚೆ ಮನೆಯ ನಕ್ಷೆಯನ್ನಾದರೂ ಬರೆಸಿ, ಕೋಣೆ ಕೋಣೆಯ ಫೋಟೊ ತೆಗೆದು, ಯಾವ ಜಾಗಕ್ಕೆ ಏನನ್ನುತ್ತಿದ್ದರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ದೊಡ್ಡಮ್ಮನ ತವರುಮನೆಯದ್ದು ಒಂದು ಫೋಟೊ ಮಾತ್ರ ಉಳಿದಿದೆ, ಅದೂ ಯಾರದೋ ಮದುವೆಯದ್ದು, ಹಿಂದೆ ಅರ್ಧ ಬಾಗಿಲು ಕಾಣುತ್ತದೆ.

ಹೋಗುವವರು ಬೆಳಿಗ್ಗೆಯೇ ಹೋಗಿ, ಮನೆಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಡಿಸೆಂಬರ್ 29ರಂದು ಜನ ಜಾಸ್ತಿ ಇರುತ್ತಾರೆ. ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಖಂಡಿತ ಕರೆದುಕೊಂಡು ಹೋಗಿ.