ಬ್ರಹ್ಮಕಮಲದ ಟ್ಯಾಗೂ ನನ್ನ ಬಾಯೂ

ಮೈಸೂರಿನ ಒಂದು ನರ್ಸರಿಯಲ್ಲಿ ನನಗೆ ಇದು ಒಂಬತ್ತನೇ ವರ್ಷ. ಕಟಿಂಗು, ಗೊಬ್ಬರ, ಕೌಂಟರು ಎಲ್ಲಾ ನಾನೇ. ದಸರಾ ಹತ್ತಿರ ಬಂದರೆ ಊಟಕ್ಕೂ ಪುರುಸೊತ್ತಿಲ್ಲ. ಅಂಥ ಹೊತ್ತಲ್ಲೇ ಯಜಮಾನರು ಬಣ್ಣದ ಟ್ಯಾಗ್ ಮಾಡಿಸಿ ತಂದರು. ಬ್ರಹ್ಮಕಮಲದ್ದರಲ್ಲಿ ಹೆಸರಿನ ಕೆಳಗೆ, ಎರಡನೇ ಸಾಲಲ್ಲಿ, 'ಹಿಮಾಲಯದ ದೇವಪುಷ್ಪ, ಉತ್ತರಾಖಂಡದ ರಾಜ್ಯಪುಷ್ಪ' ಅಂತಿತ್ತು. ಓದಿದೆ, ಕುಂಡಕ್ಕೆ ಚುಚ್ಚಿದೆ. ಸೇಲೂ ಜಾಸ್ತಿ ಆಯ್ತು.

ಒಂದು ಶನಿವಾರ ಸಂಜೆ ಮೇಡಂ ಒಬ್ಬರು ಬಂದರು. ಟ್ಯಾಗ್ ಓದಿದರು, ಗಿಡ ನೋಡಿದರು, ಮತ್ತೆ ಟ್ಯಾಗ್ ಓದಿದರು.

"ಇದು ಬ್ರಹ್ಮಕಮಲನಾ?"

"ಹೌದು ಮೇಡಂ, ಒರಿಜಿನಲ್."

ಆ 'ಒರಿಜಿನಲ್' ಯಾಕೆ ಬಾಯಿಗೆ ಬಂತೋ!

ಅವರು ಫೋನ್ ತೆಗೆದರು. ಉತ್ತರಾಖಂಡದ ಹೇಮಕುಂಡಕ್ಕೆ ಹತ್ತುವಾಗ ತೆಗೆದ ಫೋಟೋ. ಬಂಡೆ ಸಂದಿಯಲ್ಲಿ ಒಂದು ಕುಳ್ಳ ಗಿಡ. ತುದಿಯಲ್ಲಿ ಹಳದಿ ಬೆರೆತ ತಿಳಿಹಸಿರು ಹಾಳೆಗಳು, ಎಣ್ಣೆ ಕಾಗದದಷ್ಟು ತೆಳು, ದೊನ್ನೆ ಮುಚ್ಚಿದ ಹಾಗೆ ಒಂದರ ಮೇಲೊಂದು. ಹಾಳೆ ಸರಿಸಿ ತೆಗೆದ ಇನ್ನೊಂದು ಫೋಟೋದಲ್ಲಿ ಒಳಗೆ ಕಡು ನೇರಳೆ ಉಂಡೆಗಳು. ನನ್ನ ಕುಂಡದಲ್ಲೋ ಎಲೆಯಂಥ ಚಪ್ಪಟೆ ಕಾಂಡ, ಅದರ ಅಂಚಿಂದ ಜೋತುಬಿದ್ದ ಒಂದು ಮೊಗ್ಗು.

ಅಲ್ಲಿಗೆ ಸುಮ್ಮನಾಗಬೇಕಿತ್ತು. "ಅಲ್ಲಿ ಚಳಿ ಅಲ್ವಾ ಮೇಡಂ, ನಮ್ಮ ಹವೆಗೆ ಗಿಡ ಹೀಗೆ ಬದಲಾಗುತ್ತೆ" ಅಂದೆ. ಬಿಲ್ಲಿಗೆ ಕಾಯುತ್ತಿದ್ದ ಮೂವರು ಗಿರಾಕಿಗಳ ಕಿವಿ ಇತ್ತ ತಿರುಗಿತು.

"ಅಲ್ಲಿ ನಾನು ನೋಡಿದ್ದು ಮಟಮಟ ಹಗಲಲ್ಲಿ. ನಿಮ್ಮದು ಯಾವಾಗ ಅರಳೋದು?"

"ರಾತ್ರಿ."

"ಬೆಳಿಗ್ಗೆ?"

"ಬಾಡಿಹೋಗುತ್ತೆ."

"ಅದೂ ಹವೆಗೇನಾ?"

ಹಿಂದಿದ್ದವರು ನಕ್ಕರು. ನನ್ನ ಬೆರಳು ಸುಮ್ನೆ ಕ್ಯಾಲ್ಕುಲೇಟರ್ ಒತ್ತುತ್ತಿತ್ತು, ಲೆಕ್ಕ ಏನೂ ಇರಲಿಲ್ಲ. ಒಬ್ಬರು ಕೈಯಲ್ಲಿದ್ದ ಬ್ರಹ್ಮಕಮಲವನ್ನು ಮೆಲ್ಲಗೆ ವಾಪಸ್ ಇಟ್ಟರು.

ರಾತ್ರಿ ಕೂತು ಓದಿದೆ. ಅವರ ಫೋಟೋದಲ್ಲಿದ್ದದ್ದು ಸೂರ್ಯಕಾಂತಿ ಕುಟುಂಬದ ಗಿಡ, ಸಾಸ್ಸೂರಿಯಾ ಆಬ್‌ವಲ್ಲಾಟಾ. 4,000 ಮೀಟರ್ ಆಸುಪಾಸಿನ ಕಲ್ಲು ಇಳಿಜಾರು ಅದರ ಮನೆ. ನಮ್ಮ ಚಾಮುಂಡಿ ಬೆಟ್ಟವೇ 1,000 ಮೀಟರ್ ಚಿಲ್ಲರೆ, ಇಲ್ಲಿ ಅದಕ್ಕೆಲ್ಲಿಯ ಜಾಗ? ಚಳಿಗಾಲದಲ್ಲಿ ಮೇಲಿನ ಭಾಗ ಸತ್ತರೂ ನೆಲದೊಳಗಿನ ಗಡ್ಡೆ ಬದುಕಿದ್ದು ಮತ್ತೆ ಚಿಗುರುತ್ತೆ, ಮಳೆಗಾಲದಲ್ಲಿ ಹೂ ಬಿಡುತ್ತೆ. ಆ ತೆಳು ಹಾಳೆಗಳು ದಳಗಳಲ್ಲ, ಒಳಗಿನ ಹೂವನ್ನು ಚಳಿ ಮಳೆಯಿಂದ ಕಾಯುವ ಹೊದಿಕೆ. ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸುವ ನಮ್ಮ ಪಾಲಿಹೌಸ್ ಕೆಲಸವನ್ನು ಅದು ತಾನೇ ಮಾಡಿಕೊಂಡಿದೆ! ಕೇದಾರನಾಥದಲ್ಲಿ ದೇವರಿಗೆ ಏರಿಸುವುದು ಇದನ್ನೇ. ನಾವು ಮಾರುವುದು ಮೆಕ್ಸಿಕೋ ಕಡೆಯ ಕಳ್ಳಿ, ಎಪಿಫಿಲಂ. ಇಲ್ಲಿ ಮನೆಮನೆಯಲ್ಲೂ ಅದನ್ನೇ ಬ್ರಹ್ಮಕಮಲ ಅಂತಾರೆ, ಅದಕ್ಕೆ ನನ್ನ ತಕರಾರಿಲ್ಲ.

ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಕಟಿಂಗ್ ಮಾಡುವವನು ನಾನು. ತುಂಡನ್ನು ಒಂದು ವಾರ ನೆರಳಲ್ಲಿ ಒಣಗಿಸದೆ ನೆಟ್ಟರೆ ಕೊಳೆಯುತ್ತೆ, ನೀರು ಜಾಸ್ತಿಯಾದರೆ ಸಾಯುತ್ತೆ. ಇದು ಕಳ್ಳಿ ಜಾತಿ ಅಂತ ನನ್ನ ಕೈಗೆ ಒಂಬತ್ತು ವರ್ಷದಿಂದ ಗೊತ್ತು. ಬಾಯಿ ಮಾತ್ರ ಟ್ಯಾಗ್ ನಂಬಿತು.

ಯಜಮಾನರಿಗೆ ಹೇಳಿದೆ. "ಐನೂರು ಪ್ರಿಂಟ್ ಹಾಕಿಸಿದ್ದೀನಿ ಕಣಯ್ಯ, ಮುಗೀಲಿ ಬಿಡು" ಅಂದರು. ಈಗ ದಿನಾ ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಕಪ್ಪು ಮಾರ್ಕರ್ ಹಿಡಿದು ಎರಡನೇ ಸಾಲು ಹೊಡೆದುಹಾಕುತ್ತೇನೆ. ಎರಡು ಮಾರ್ಕರ್ ಖಾಲಿಯಾದವು. ಬಿಲ್ ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.