ಮಳೆಗಾಲದಲ್ಲಿ ಏರಿದ ರಿಕವರಿ

ನಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೊಸ ಇಆರ್‌ಪಿ, ಅಂದರೆ ಎಲ್ಲ ಸೆಕ್ಷನ್ನಿನ ಲೆಕ್ಕ ಒಟ್ಟಿಗೆ ಇಡುವ ಸಾಫ್ಟ್‌ವೇರ್, ಬಂದದ್ದು ಮಾರ್ಚ್‌ನಲ್ಲಿ. ಬೆಂಗಳೂರಿನಿಂದ ಬಂದ ಇಬ್ಬರು ಹುಡುಗರು ಬಜ್ಪೆಯ ಲಾಡ್ಜಿನಲ್ಲಿ ಉಳಿದು, ಎಲ್ಲ ಸೆಕ್ಷನ್ ಸುತ್ತಿ, ಒಂದು ಫ್ಲೋ ಚಾರ್ಟ್ ಬರೆದರು. ಎಡದಿಂದ ಬಲಕ್ಕೆ ಆರು ಚೌಕ. ಬಾಯ್ಲಿಂಗ್, ಕಟ್ಟಿಂಗ್, ಬೋರ್ಮಾ (ತಿರುಳು ಒಣಗಿಸುವ ಬಿಸಿ ಕೋಣೆ), ಪೀಲಿಂಗ್, ಗ್ರೇಡಿಂಗ್, ಪ್ಯಾಕಿಂಗ್. ಪ್ರತಿ ಚೌಕದಿಂದ ಮುಂದಿನ ಚೌಕಕ್ಕೆ ಒಂದು ಬಾಣ. ಸಣ್ಣ ಧಣಿ ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಆಫೀಸಿನ ಗೋಡೆಗೆ ಹಾಕಿಸಿದರು. ನೋಡಲಿಕ್ಕೆ ಚಂದ ಇತ್ತು. ಅದರ ಅಡಿಯಲ್ಲಿ ಸ್ಟಾಕ್ ಸೆಕ್ಷನ್ ಪರವಾಗಿ ನನ್ನ ಸಹಿಯೂ ಉಂಟು.

ಬಿಕಾಂನಲ್ಲಿ ಎಂಐಎಸ್ (ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಮ್) ಪೇಪರ್ ಓದಿದವರಿಗೆ ಇಂಥ ಚಿತ್ರ ಗೊತ್ತು. ಇನ್‌ಪುಟ್, ಪ್ರೋಸೆಸ್, ಔಟ್‌ಪುಟ್ ಅಂತ ಮೂರು ಚೌಕ. ಕೆಳಗೆ ಔಟ್‌ಪುಟ್‌ನಿಂದ ಹಿಂದಕ್ಕೆ ತಿರುಗುವ ಬಾಣ, ಅದು ಫೀಡ್‌ಬ್ಯಾಕ್. ಎಲ್ಲದರ ಸುತ್ತ ಒಂದು ಗೆರೆ, ಅದು ಬೌಂಡರಿ. ಗೆರೆಯ ಆಚೆ ಎನ್ವಿರಾನ್‌ಮೆಂಟ್. ಐದು ಮಾರ್ಕಿನ ಪ್ರಶ್ನೆ, ಚಿತ್ರ ಸರಿ ಬಿಡಿಸಿದರೆ ಮೂರು ಖಂಡಿತ. ನಮ್ಮ ಗೋಡೆಯ ಚಿತ್ರದಲ್ಲಿ ಹಿಂದಕ್ಕೆ ಹೋಗುವ ಬಾಣ ಇರಲಿಲ್ಲ. ಸುತ್ತಲಿನ ಗೆರೆಯೂ ಇರಲಿಲ್ಲ. ಆ ಚಿತ್ರದ ಎದುರು ದಿನಾ ಚಾ ಕುಡಿದವರು ನಾವು, ಒಬ್ಬರಿಗೂ ಅದು ಹೊಳೆಯಲಿಲ್ಲ.

ಇನ್ನು ಆಗಸ್ಟ್‌ಗೆ ಬರೋಣ. ದುಬೈ ಪಾರ್ಟಿಗೆ ಡಬ್ಲ್ಯೂ320 ಗ್ರೇಡಿನ ಇಡೀ ತಿರುಳು, ಇಪ್ಪತ್ತಡಿಯ ಒಂದು ಕಂಟೇನರ್, 700 ಕಾರ್ಟನ್. ಹಿಂದಿನ ಸಂಜೆ ಸಣ್ಣ ಧಣಿ ಫೋನ್ ಮಾಡಿ ಕೇಳಿದ್ದು ಒಂದೇ ಮಾತು, "ಸ್ಟಾಕ್ ಉಂಟಲ್ಲ?" ಸ್ಕ್ರೀನಿನಲ್ಲಿ 741 ಇತ್ತು. "ಉಂಟು, ಜಾಸ್ತಿಯೇ ಉಂಟು" ಅಂದೆ. ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್ 700ಕ್ಕೆ ಫೈಲ್ ಆಯಿತು.

ಮರುದಿನ ಬೆಳಗ್ಗೆ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಟಾರ್ಪಾಲಿನ ಅಡಿಯಲ್ಲಿ ಲೋಡಿಂಗ್ ನಡೆದಿತ್ತು. ಸಂಜೆ ಐದಕ್ಕೆ ಪಣಂಬೂರಿನ ಬಂದರಿನಲ್ಲಿ ಗೇಟ್-ಇನ್. ಅದರ ಮೊದಲು ಸೀಲ್ ಆಗಬೇಕು, ವಿಜಿಎಂ ಸ್ಲಿಪ್ (ತುಂಬಿದ ಕಂಟೇನರಿನ ತೂಕದ ಚೀಟಿ) ಆಗಬೇಕು, ಕೂಳೂರು ಸೇತುವೆ ದಾಟಬೇಕು. ಮಳೆಯ ದಿನ ಆ ಸೇತುವೆಯ ಬ್ಲಾಕ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹನ್ನೆರಡರ ಹೊತ್ತಿಗೆ ಗೋಡೌನ್ ರೈಟರಣ್ಣ ನನ್ನ ಬಾಗಿಲಲ್ಲಿ ಬಂದು ನಿಂತರು. ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಕೈ ಒರೆಸಿಕೊಂಡರು.

"ಸರ್, 648 ಆಯ್ತು. ಮತ್ತೆ ಇಲ್ಲ."

"ಇಲ್ಲ ಅಂದರೆ?"

"ಇಲ್ಲ ಅಂದರೆ ಇಲ್ಲ. 240 ಉಂಟು, ಸ್ಪ್ಲಿಟ್ಸ್ ಉಂಟು. 320 ಖಾಲಿ."

ನಾನು ಅವರ ಮುಖ ನೋಡುವ ಬದಲು ಸ್ಕ್ರೀನ್ ನೋಡಿದೆ. ರಿಫ್ರೆಶ್ ಹೊಡೆದೆ. 741. ಇನ್ನೊಮ್ಮೆ ಹೊಡೆದೆ. ಅಷ್ಟೇ. ಸ್ಟಾಕ್ ಲೆಡ್ಜರ್ ತೆರೆದೆ, ಎಲ್ಲ ಎಂಟ್ರಿಗೂ ಯೂಸರ್ ಹೆಸರು, ಸಮಯ, ಲಾಟ್ ನಂಬರ್ ಉಂಟು. ಎದುರಿಗೆ ನಿಂತ ಮನುಷ್ಯನ ಕೈಯಲ್ಲಿ ಇರುವುದು ಒದ್ದೆಯಾದ ಒಂದು ಟ್ಯಾಲಿ ಶೀಟ್. ಯಾವುದನ್ನು ನಂಬುವುದು? ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಕಳವು. ಇಪ್ಪತ್ತು ವರ್ಷ ಗೋಡೌನ್ ನೋಡಿಕೊಂಡ ಜನ ಅವರು, ಆದರೂ ಬಂತು. ಒಳಗೆ ತುಂಬಿದ್ದನ್ನು ಸಾಲು ಸಾಲಾಗಿ ಮತ್ತೆ ಎಣಿಸಲು ಹೇಳಿದೆ. ಸೆಕ್ಯೂರಿಟಿಯವರ ಗೇಟ್ ಪಾಸ್ ಪುಸ್ತಕ ತರಿಸಿದೆ. ಸಿಸಿಟಿವಿ ನೋಡುವ ಹುಡುಗನಿಗೂ ಫೋನ್ ಹೋಯಿತು. ರೈಟರಣ್ಣನಿಗೆ ಎಲ್ಲ ಅರ್ಥವಾಗುತ್ತಿತ್ತು. ಅವರು ಏನೂ ಹೇಳದೆ ಹೋಗಿ ಮತ್ತೆ ಎಣಿಸಿದರು. 648. ಅದರಲ್ಲಿ ಮುಕ್ಕಾಲು ಗಂಟೆ ಹೋಯಿತು. ಸಿಎಚ್‌ಎ, ಅಂದರೆ ಕಸ್ಟಮ್ಸ್ ಏಜೆಂಟ್ ಕಡೆಯವರ ಫೋನ್ ಬರುತ್ತಲೇ ಇತ್ತು. ನಾನು ತೆಗೆಯಲಿಲ್ಲ.

ಗಂಟು ಬಿಡಿಸಿದ್ದು ಗ್ರೇಡಿಂಗ್ ಮೇಸ್ತ್ರಿ ಅಕ್ಕ. ಅವರು ಬಂದದ್ದು ಬೇರೆ ಕೆಲಸಕ್ಕೆ, ಯಾರದೋ ಅಡ್ವಾನ್ಸ್ ವಿಷಯ ಮಾತಾಡಲಿಕ್ಕೆ. ಗಲಾಟೆ ನೋಡಿ ಕೇಳಿದರು, "ವಾಪಸ್ ಬೋರ್ಮಾಕ್ಕೆ ಹೋದ ಲಾಟ್‌ಗಳನ್ನು ಕಳೆದಿದ್ದೀರಲ್ವಾ ಸರ್?"

ಕಳೆಯುವುದು ಎಲ್ಲಿಂದ? ಗೋಡೆಯ ಚಿತ್ರದಲ್ಲಿ ಹಿಂದಕ್ಕೆ ಹೋಗುವ ದಾರಿಯೇ ಇಲ್ಲವಲ್ಲ.

ತಿರುಳಿನ ತೇವಾಂಶ 5 ಶೇಕಡಾ ದಾಟಿದರೆ ಎಕ್ಸ್‌ಪೋರ್ಟ್ ಮಾಲು ಪ್ಯಾಕ್ ಮಾಡುವ ಹಾಗಿಲ್ಲ. ಮಾರ್ಚ್‌ನಲ್ಲಿ ಅದು ದೊಡ್ಡ ತಲೆಬಿಸಿಯಲ್ಲ. ಜೂನ್ ಹಿಡಿದ ಮೇಲೆ ಬೇರೆ ಕಥೆ. ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರ್ ಮಳೆ ದಾಟುವುದು ಹೊಸತಲ್ಲ. ಗ್ರೇಡಿಂಗ್ ಟೇಬಲ್ ಮೇಲೆ ಹರಡಿದ ಬೀಜ ಗಾಳಿಯಿಂದಲೇ ನೀರು ಕುಡಿಯುತ್ತದೆ. ಮೀಟರ್ ಹಿಡಿದರೆ ಐದೂವರೆ, ಆರು. ಆ ಲಾಟ್ ವಾಪಸ್ ಬೋರ್ಮಾಕ್ಕೆ ಹೋಗಿ, ಒಣಗಿ, ಮತ್ತೆ ಗ್ರೇಡಿಂಗ್ ತಕ್ಕಡಿಗೆ ಬರುತ್ತದೆ. ತಕ್ಕಡಿ ಕಂಪ್ಯೂಟರಿಗೆ ಕನೆಕ್ಟ್ ಆಗಿದೆ. ತೂಕ ಇಟ್ಟು ಬಟನ್ ಒತ್ತಿದರೆ ಹೊಸ ಔಟ್‌ಪುಟ್ ಅಂತ ಎಂಟ್ರಿ ಬೀಳುತ್ತದೆ. ಅಂದರೆ ಅದೇ ಬೀಜಕ್ಕೆ ಎರಡು ಸಲ ಎಂಟ್ರಿ.

ಇದರ ಮೇಲೆ ಇನ್ನೊಂದು ಜಾಣತನ. ಪ್ಯಾಕಿಂಗ್‌ಗೆ ಬೇರೆ ಎಂಟ್ರಿ ಯಾಕೆ, ಸುಮ್ನೆ ಡಬಲ್ ಕೆಲಸ ಅಂತ ಬೆಂಗಳೂರಿನ ಹುಡುಗರು ಗ್ರೇಡಿಂಗ್ ತೂಕವನ್ನೇ 22.68ರಿಂದ ಭಾಗಿಸಿ ಕಾರ್ಟನ್ ಲೆಕ್ಕ ಬರುವ ಹಾಗೆ ಮಾಡಿದ್ದರು. ಒಂದು ಕಾರ್ಟನ್‌ಗೆ 50 ಪೌಂಡ್, ಆ ಲೆಕ್ಕ ತಪ್ಪಲ್ಲ. ಎಂಟ್ರಿ ಕಮ್ಮಿಯಾಯಿತು ಅಂತ ನಮಗೂ ಖುಷಿಯಾಗಿತ್ತು. ಆದರೆ 741 ಅನ್ನುವುದನ್ನು ಈ ಭೂಮಿಯ ಮೇಲೆ ಯಾರೂ ಎಣಿಸಿರಲಿಲ್ಲ. ಅದು ಭಾಗಾಕಾರದ ಉತ್ತರ. ಎಣಿಸಿ ಬಂದ ಸಂಖ್ಯೆ, ಲೆಕ್ಕ ಹಾಕಿ ಬಂದ ಸಂಖ್ಯೆ ಎರಡೂ ಸ್ಕ್ರೀನಿನಲ್ಲಿ ಒಂದೇ ಅಕ್ಷರ, ಒಂದೇ ಬಣ್ಣ. ಯಾವುದು ಯಾವುದು ಅಂತ ನೋಡಿ ಗೊತ್ತಾಗುವುದಿಲ್ಲ.

ಹಾಗಾದರೆ ಸಾಫ್ಟ್‌ವೇರ್ ಬರುವ ಮೊದಲು ಇದೆಲ್ಲ ಹೇಗೆ ಸರಿಯಾಗುತ್ತಿತ್ತು? ಮೇಸ್ತ್ರಿ ಅಕ್ಕ ಪ್ರತಿ ಸಂಜೆ ಒಂದು ಚೀಟಿ ಕಳಿಸುತ್ತಿದ್ದರು. ಲಾಟ್ ನಂಬರ್, ಎಷ್ಟು ಕೆಜಿ ವಾಪಸ್, ಯಾಕೆ. ರಿಟೈರ್ ಆದ ನಮ್ಮ ಹಳೆಯ ಅಕೌಂಟೆಂಟ್ ಅದನ್ನು ಡೇ ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಕಳೆಯುತ್ತಿದ್ದರು. ಇದನ್ನು ಯಾರೂ ಎಲ್ಲೂ ನಿಯಮ ಅಂತ ಬರೆದಿರಲಿಲ್ಲ. ಅವರಿಬ್ಬರ ನಡುವಿನ ರೂಢಿ ಅದು. ಸಾಫ್ಟ್‌ವೇರ್ ಶುರುವಾದ ಗೋ-ಲೈವ್ ದಿನ ಸರ್ಕ್ಯುಲರ್ ಬಂತು, ಇನ್ನು ಮೇಲೆ ಯಾವ ಸೆಕ್ಷನ್ನಿನಿಂದಲೂ ಕಾಗದ ಬರಬಾರದು ಅಂತ. ಅಕ್ಕ ಚೀಟಿ ನಿಲ್ಲಿಸಿದರು. ಆದರೆ ಬರೆಯುವುದು ಬಿಡಲಿಲ್ಲ, ಅವರ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಜೂನ್‌ನಿಂದ ಎಲ್ಲ ಅದರಲ್ಲಿತ್ತು. ನಾನು ಕೂಡಿಸಿ ನೋಡಿದೆ. 320ರಲ್ಲಿ ಎರಡೆರಡು ಸಲ ಹಿಡಿದದ್ದು ತೊಂಬತ್ತಮೂರು ಕಾರ್ಟನ್ನಿನಷ್ಟು. 741ರಿಂದ 648 ಕಳೆದರೂ ಅಷ್ಟೇ, ತಾಳೆಯಾಗದೆ ಉಳಿದದ್ದು ಬರೇ ಚಿಲ್ಲರೆ.

ಕಂಟೇನರ್ 648ಕ್ಕೇ ಬಾಗಿಲು ಮುಚ್ಚಿ ಹೋಯಿತು. ಶಿಪ್ಪಿಂಗ್ ಬಿಲ್ ಅಮೆಂಡ್‌ಮೆಂಟ್, ಹೊಸ ಇನ್‌ವಾಯ್ಸ್, ಸಿಎಚ್‌ಎಯವರ ಬೈಗುಳ, ಪಾರ್ಟಿಯ ಮುಖ ಊದಿದ್ದು, ಎಲ್ಲ ಆಯಿತು. ಅದನ್ನು ಬರೆಯುತ್ತಾ ಕೂತರೆ ನನಗೇ ಬಿಪಿ ಏರ್ತದೆ. ರೈಟರಣ್ಣ ಎರಡು ವಾರ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ನನಗೆ ಜಾಸ್ತಿ ಕಿರಿಕಿರಿ ಮಾಡಿದ್ದು ಮಾತ್ರ ಇನ್ನೊಂದು ವಿಷಯ. ಈ ತಪ್ಪು ಗುಟ್ಟಾಗಿ ಇರಲಿಲ್ಲ. ಪ್ರತಿ ಬೆಳಗ್ಗೆ ಒಂಬತ್ತಕ್ಕೆ ವಾಟ್ಸಾಪ್ ಗ್ರೂಪಿಗೆ ಬರುವ ಡ್ಯಾಶ್‌ಬೋರ್ಡಿನಲ್ಲಿ ಕುಣಿಯುತ್ತಿತ್ತು. ನಮ್ಮಲ್ಲಿ ನೂರು ಕೆಜಿ ಕಚ್ಚಾ ಬೀಜಕ್ಕೆ 23, 24 ಕೆಜಿ ತಿರುಳು ಬಂದರೆ ಸಮಾಧಾನ. ಜುಲೈ ರಿಪೋರ್ಟಿನಲ್ಲಿ ಈ ಲೆಕ್ಕ, ಅಂದರೆ ರಿಕವರಿ, 26ರ ಹತ್ತಿರ ಹೋಗಿತ್ತು. ಹಸಿರು ಬಣ್ಣ, ಮೇಲೆ ನೋಡುವ ಬಾಣ. ಹೊಸ ಸಾಫ್ಟ್‌ವೇರಿನಿಂದ ವೇಸ್ಟೇಜ್ ಕಮ್ಮಿಯಾಯಿತು ಅಂತ ಮೀಟಿಂಗಿನಲ್ಲಿ ಲಾಡು ಹಂಚಿದರು. ನಾನು ಎರಡು ತಿಂದೆ.

ಮಳೆಗಾಲದಲ್ಲಿ, ಅದೇ ಆಫ್ರಿಕಾ ಮಾಲಿನಲ್ಲಿ, ಅದೇ ಕಟ್ಟಿಂಗ್ ಮೆಷಿನ್ನಿನಲ್ಲಿ ತಿರುಳು ಹೇಗೆ ಜಾಸ್ತಿಯಾಗ್ತದೆ? ಕೇಳಬೇಕಿತ್ತು ಅಲ್ವಾ? ರಿಕವರಿ 21ಕ್ಕೆ ಇಳಿದಿದ್ದರೆ ಅದೇ ದಿನ ಎಲ್ಲರ ಗ್ರಹಚಾರ ಬಿಡಿಸುತ್ತಿದ್ದರು. ಏರಿದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಉತ್ತರ ಕೂಡ ಅದೇ ಸಾಫ್ಟ್‌ವೇರಿನ ಒಳಗೇ ಇತ್ತು. ಬೀಜದ ಚಿಪ್ಪನ್ನು ನಾವು ಎಣ್ಣೆ ತೆಗೆಯುವವರಿಗೆ ಮಾರುತ್ತೇವೆ, ಪ್ರತಿ ಲಾರಿಗೂ ವೇಬ್ರಿಡ್ಜ್ ಚೀಟಿ ಉಂಟು. ತಿರುಳು ನಿಜವಾಗಿ ಜಾಸ್ತಿಯಾಗಿದ್ದರೆ ಚಿಪ್ಪು ಕಮ್ಮಿಯಾಗಬೇಕು. ಒಳಗೆ ಹೋದ ನೂರು ಕೆಜಿ ತಿರುಳು, ಚಿಪ್ಪು, ಸಿಪ್ಪೆ, ನೀರು ಆಗಿ ಹೊರಗೆ ಬರಬೇಕು, ಬೇರೆ ದಾರಿ ಇಲ್ಲ. ಚಿಪ್ಪಿನ ತೂಕ ಹಾಗೇ ಇತ್ತು. ಆದರೆ ಅದು ಸೇಲ್ಸ್ ಮಾಡ್ಯೂಲ್, ರಿಕವರಿ ಪ್ರೊಡಕ್ಷನ್ ಮಾಡ್ಯೂಲ್. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ರಿಪೋರ್ಟ್ ಯಾರೂ ಕೇಳಿರಲಿಲ್ಲ. ನಲವತ್ತು ರಿಪೋರ್ಟ್ ಇದ್ದವು, ಅದೊಂದು ಇರಲಿಲ್ಲ.

ಆಮೇಲೆ ಹಳೆಯ ನೋಟ್ಸ್ ತೆಗೆದು ಓದಿದೆ. ಬೆರ್ಟಲನ್ಫಿ ಎಂಬ ಆಸ್ಟ್ರಿಯಾದ ಜೀವಶಾಸ್ತ್ರಜ್ಞರು ಓಪನ್ ಸಿಸ್ಟಮ್ ಬಗ್ಗೆ ಹೇಳಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಜೀವ ಇರುವುದು ಸುತ್ತಲಿನಿಂದ ವಸ್ತು, ಶಕ್ತಿ ತೆಗೆದುಕೊಂಡು, ಕೊಟ್ಟು ಬದುಕುತ್ತದೆ, ಅದನ್ನು ಮುಚ್ಚಿದ ಡಬ್ಬಿಯ ಹಾಗೆ ನೋಡಬಾರದು ಅಂತ. ವ್ಯಾಪಾರಕ್ಕೂ ಅದನ್ನೇ ಹೇಳ್ತಾರೆ. ಓದುವಾಗ ಎನ್ವಿರಾನ್‌ಮೆಂಟ್ ಅಂದರೆ ಸರ್ಕಾರ, ಮಾರ್ಕೆಟ್, ಕಾಂಪಿಟಿಟರ್ ಅಂತ ಬರೆದಿದ್ದೆ. ಕಿಟಕಿಯ ಹೊರಗಿನ ಮಳೆ ಅಂತ ಬರೆದಿರಲಿಲ್ಲ. ಟೆಸ್ಟಿಂಗ್ ಮಾರ್ಚ್‌ನಲ್ಲಿ ಆಯಿತು, ಯುಎಟಿ, ಅಂದರೆ ನಾವೇ ಬಳಸಿ ನೋಡಿ ಒಪ್ಪುವ ಪರೀಕ್ಷೆ, ಏಪ್ರಿಲ್‌ನಲ್ಲಿ ಪಾಸ್ ಆಯಿತು. ಆ ಎರಡು ತಿಂಗಳು ವಾಪಸ್ ಹೋದ ಲಾಟ್ ಬೆರಳೆಣಿಕೆಯಷ್ಟು. ಕರಾವಳಿಯ ಫ್ಯಾಕ್ಟರಿಯ ಸಾಫ್ಟ್‌ವೇರನ್ನು ಜುಲೈ ನೋಡದೆ ಪಾಸ್ ಮಾಡಿದ್ದು ನಾವೇ. ಬೆಂಗಳೂರಿನ ಹುಡುಗರನ್ನು ಇದಕ್ಕೆ ಬೈದು ಪ್ರಯೋಜನ ಇಲ್ಲ.

ಇನ್ನೊಂದು ವಿಷಯ ಆಗ ಓದಿದ್ದು. ವ್ಯಾಪಾರದ ಕೆಲಸಕ್ಕೆ ಮೊತ್ತಮೊದಲು ಕಂಪ್ಯೂಟರ್ ಓಡಿಸಿದ್ದು ದೊಡ್ಡ ಬ್ಯಾಂಕಲ್ಲ, ಲಂಡನ್ನಿನ ಲಯನ್ಸ್ ಅನ್ನುವ ಚಾ ಅಂಗಡಿಗಳ ಕಂಪನಿ. 1951ರ ನವೆಂಬರ್‌ನಲ್ಲಿ, ಲಿಯೋ ಅಂತ ತಾವೇ ಕಟ್ಟಿಸಿದ ಯಂತ್ರದಲ್ಲಿ. ಮೊದಲ ಕೆಲಸ ಬೇಕರಿಯ ಮಾಲಿನ ಖರ್ಚಿನ ಲೆಕ್ಕ. ಅವರು ಯಂತ್ರ ಬರುವುದಕ್ಕೆ ವರ್ಷಗಳ ಮೊದಲೇ ಆಫೀಸಿನ ಕೆಲಸ ಹೇಗೆ ನಡೆಯುತ್ತದೆ, ಯಾವ ಫಾರ್ಮ್ ಯಾರ ಕೈಗೆ ಹೋಗುತ್ತದೆ ಅಂತ ನೋಡಲಿಕ್ಕೇ ಒಂದು ವಿಭಾಗ ಇಟ್ಟುಕೊಂಡಿದ್ದರಂತೆ. ನಾವು ಮೇಸ್ತ್ರಿ ಅಕ್ಕನನ್ನು ರಿಕ್ವೈರ್‌ಮೆಂಟ್ ಮೀಟಿಂಗಿಗೇ ಕರೆದಿರಲಿಲ್ಲ. ಮೀಟಿಂಗಿನಲ್ಲಿ ಇದ್ದದ್ದು ನಾನು, ಮ್ಯಾನೇಜರ್, ಸಣ್ಣ ಧಣಿ. ಬೀಜ ಮುಟ್ಟುವವರು ಒಬ್ಬರೂ ಇಲ್ಲ. ಅಕ್ಕ ಒತ್ತುವ ಒಂದು ಬಟನ್ನಿನ ಮೇಲೆ ನನ್ನ ಸ್ಟಾಕ್, ಮ್ಯಾನೇಜರ್ ಅವರ ತಿಂಗಳ ರಿಪೋರ್ಟ್, ಧಣಿಗಳ ಖರೀದಿ ತೀರ್ಮಾನ ಎಲ್ಲ ನಿಂತಿತ್ತು. ಆ ರಿಕವರಿ ನಂಬಿ ಜುಲೈ ಕೊನೆಯಲ್ಲಿ ಕಚ್ಚಾ ಬೀಜ ಕಮ್ಮಿ ಬುಕ್ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು.

ಸರಿಪಡಿಸುವ ಕಥೆ ಇನ್ನೊಂದು ತಮಾಷೆ. ಹಿಂದಕ್ಕೆ ಹೋಗುವುದು ಸ್ಕೋಪಿನಲ್ಲಿ ಇರಲಿಲ್ಲ, ಹಾಗಾಗಿ ಚೇಂಜ್ ರಿಕ್ವೆಸ್ಟ್, ಅದಕ್ಕೆ ಬೇರೆ ಬಿಲ್. ಒಂದೂವರೆ ತಿಂಗಳು ಕಾದ ಮೇಲೆ ರೀವರ್ಕ್ ಸ್ಕ್ರೀನ್ ಬಂತು. ಕಾರಣ ಆಯ್ಕೆ ಮಾಡಲಿಕ್ಕೆ ಹದಿನಾಲ್ಕು ಸಾಲಿನ ಪಟ್ಟಿ, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ವಾರದ ಎಲ್ಲ ಲಾಟ್‌ಗೂ ಒಂದೇ ಕಾರಣ ಬಿದ್ದಿತ್ತು, ಅದರ್ಸ್. ಅಕ್ಕನನ್ನು ಕೇಳಿದೆ. "ತಕ್ಕಡಿ ಹಿಂದೆ ಹತ್ತು ಜನ ಟ್ರೇ ಹಿಡಿದು ನಿಂತಿರ್ತಾರೆ ಸರ್, ನಾನು ಓದಿಕೊಂಡು ಕೂತರೆ ಆಗ್ತದಾ?" ಅಂದರು. ಅವರ ನೋಟ್‌ಬುಕ್ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಮೂರೇ ಕಾರಣ: ತಂಪು (ಅಂದರೆ ತೇವ), ಸಿಪ್ಪೆ, ಮಿಕ್ಸ್. ಪಟ್ಟಿಯನ್ನು ಆ ಮೂರಕ್ಕೆ ಇಳಿಸಿದೆವು, ಕನ್ನಡದಲ್ಲಿ. ಅದಕ್ಕೂ ಬಿಲ್ ಬಂತು. ಪ್ಯಾಕಿಂಗಿನಲ್ಲಿ ಕಾರ್ಟನ್ ಎಣಿಸಿ ಹಾಕುವ ಎಂಟ್ರಿ ವಾಪಸ್ ಬಂದಿದೆ, ಹಾಕುವವರು ರೈಟರಣ್ಣ. ಪ್ರತಿ ಶನಿವಾರ ಅವರ ಎಣಿಕೆಗೂ ಸ್ಕ್ರೀನಿಗೂ ತಾಳೆ ನೋಡುತ್ತೇವೆ. ಚಿಪ್ಪಿನ ತೂಕ ಮತ್ತು ರಿಕವರಿ ಒಟ್ಟಿಗೆ ಇರುವ ಶೀಟನ್ನು ನಾನೇ ಎಕ್ಸೆಲ್‌ನಲ್ಲಿ ಮಾಡಿಕೊಂಡಿದ್ದೇನೆ. ಅದಕ್ಕೆ ಕೋಟೇಶನ್ ಕೇಳುವ ಧೈರ್ಯ ಬರಲಿಲ್ಲ.

ಈಗ ರಿಕವರಿ 23.6 ತೋರಿಸುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು. ಜುಲೈಗಿಂತ ಇಷ್ಟು ಇಳಿದದ್ದು ಯಾಕೆ, ಯಾರು ಜವಾಬ್ದಾರಿ ಅಂತ ನಿನ್ನೆ ಮ್ಯಾನೇಜ್‌ಮೆಂಟಿನಿಂದ ಮೇಲ್ ಬಂದಿದೆ. ಸೋಮವಾರದೊಳಗೆ ಉತ್ತರ ಕೊಡಬೇಕಂತೆ.